ಕಫನ್ ಬಟ್ಟೆಯ ಕುಂಚಿಗಿ

ಜೈತೂನಬಿಗೆ ನೋವು ಕಾಣಿಸಿಕೊಂಡದ್ದು ಬ್ಯಾಡಗಿಯ ಅಡತಿ ಅಂಗಡಿಯೊಂದರ ಅಂಗಳದಲ್ಲಿ, ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತಿದ್ದಾಗ. ತೊಂಬತ್ತೊಂದನೆಯ ಇಸವಿ, ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಊರಿಗೆ ಊರೇ ಕೆಮ್ಮುವ ಕಾಲ ಅದು. ಘಾಟಿಗೆ ಕೆಮ್ಮಿ ಕೆಮ್ಮಿ ಹೊಟ್ಟೆ ಹಿಡಿದುಕೊಂಡಿರಬೇಕು ಎಂದುಕೊಂಡು ಅವಳು ಮತ್ತೊಂದು ಬೊಗಸೆ ಕಾಯಿಯನ್ನು ಮಡಿಲಿಗೆ ಎಳೆದುಕೊಂಡಳು. ಕೂತ ಗೋಣಿತಾಟು ಒದ್ದೆಯಾದ ಮೇಲೆಯೇ ಪಕ್ಕದವಳನ್ನು ಕೂಗಿದ್ದು. ಏಳು ತಿಂಗಳು ಇನ್ನೇನು ತುಂಬಿತ್ತು, ಅಷ್ಟೆ.

ಅದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಜಹಾಂಗೀರ ಬೆನ್ನ ಮೇಲಿನ ಚೀಲವನ್ನು ದಾರಿಯಲ್ಲೇ ಇಳಿಸಿ ಓಡಿಬಂದ. ಮಾಲು ಸಾಗಿಸುವ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ರಾಣೆಬೆನ್ನೂರಿಗೆ ಹೊರಟರು. ರೈಲ್ವೆ ಸ್ಟೇಷನ್ನಿನ ಹಿಂದೆ ಡಾಕ್ಟರ್ ಸಿದ್ದಲಿಂಗಪ್ಪನವರ ಸಣ್ಣ ಆಸ್ಪತ್ರೆ. ಅಲ್ಲಿ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಅತ್ತಿತು ಅನ್ನುವಂತೆಯೂ ಇರಲಿಲ್ಲ. ಬೆಕ್ಕಿನ ಮರಿಯ ಹಾಗೆ ಒಂದು ಸಲ ಕುಂಯ್ ಅಂದಿತು.

ಜೈತೂನಬಿ ಇದಕ್ಕೂ ಮೊದಲು ಎರಡು ಕೂಸು ಕಳೆದುಕೊಂಡಿದ್ದಳು. ಒಂದು ಹೊಟ್ಟೆಯಲ್ಲೇ ಹೋಗಿತ್ತು. ಇನ್ನೊಂದು ಹುಟ್ಟಿ, ಸಂಜೆಯವರೆಗೆ ಇದ್ದು, ಹೋಗಿತ್ತು. ಎರಡನೆಯದರ ಮುಖವನ್ನು ಅವಳಿಗೆ ಯಾರೂ ಸರಿಯಾಗಿ ತೋರಿಸಿರಲಿಲ್ಲ, ನೋಡಿದರೆ ಹಚ್ಚಿಕೊಳ್ಳುತ್ತಾಳೆ ಎಂದು. ಈ ಸಲ ನರ್ಸು ಕೂಸನ್ನು ಒರೆಸುತ್ತಿದ್ದಂತೆಯೇ ಅವಳು ಮೊಣಕೈ ಊರಿ ಅರ್ಧ ಎದ್ದು ಹೇಳಿದಳು: "ನನ್ನ ಕೈಯಾಗ ಕೊಡ್ರಿ. ನಾ ನೋಡಬೇಕು."

ಕೂಸು ಒಂದೂಕಾಲು ಕಿಲೋ ಇತ್ತು. ಚರ್ಮದ ಕೆಳಗಿನ ನರಗಳೆಲ್ಲ ಕಾಣುತ್ತಿದ್ದವು. ತೋಳು ಜಹಾಂಗೀರನ ಹೆಬ್ಬೆರಳಿನಷ್ಟೂ ದಪ್ಪ ಇರಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಮಾತಾಡುವ ಮನುಷ್ಯ ಅಲ್ಲ. "ಉಸಿರು ತಾನಾ ಆಡಾಕತ್ತೈತಿ, ಅದೊಂದು ಚಲೋ. ಆದರ ನಮ್ಮಲ್ಲಿರೂದು ಒಂದ ಕಾವಿನ ಪೆಟ್ಟಿಗಿ, ಅದರಾಗ ಇನ್ನೊಬ್ಬರ ಕೂಸು ಐತಿ. ಹುಬ್ಬಳ್ಳಿಗೆ ಒಯ್ಯಬಹುದು. ದಾರ್ಯಾಗ ಥಂಡಿ ಬಡದ್ರ ಅಲ್ಲಿಗೆ ಮುಟ್ಟೂದು ಕಠಿಣ. ನಿಮಗ ಸುಳ್ಳ ಆಸೆ ಕೊಡಾಂಗಿಲ್ಲ ನಾನು."

"ಆಸೆ ನನ್ನ ಕಡೆ ಐತ್ರಿ," ಅಂದಳು ಜೈತೂನಬಿ. "ಏನ ಮಾಡಬೇಕು, ಅದನ್ನ ಹೇಳ್ರಿ."

ಸಿದ್ದಲಿಂಗಪ್ಪನವರು ಅವಳ ಮುಖವನ್ನು ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕುಳಿತರು. ಪೆಟ್ಟಿಗೆ ಇಲ್ಲದ ಕಡೆ ತಾಯಿಯ ಎದೆಯೇ ಪೆಟ್ಟಿಗೆ ಅಂದರು. ಕೂಸಿನ ಬರಿ ಮೈಯನ್ನು ತನ್ನ ಬರಿ ಎದೆಗೆ ಹಚ್ಚಿ, ಮೇಲೆ ಬಟ್ಟೆ ಕಟ್ಟಿ, ಹಗಲೂ ರಾತ್ರಿ ಇಟ್ಟುಕೊಳ್ಳಬೇಕು. ಇದಕ್ಕೆ ಹೀರುವ ಶಕ್ತಿ ಇನ್ನೂ ಬಂದಿಲ್ಲ. ಹೀರಿ, ನುಂಗಿ, ಉಸಿರಾಡುವುದು, ಮೂರನ್ನೂ ಹೊಂದಿಸುವುದನ್ನು ಕೂಸು ಹೊಟ್ಟೆಯೊಳಗೆ ಕೊನೆಯ ತಿಂಗಳುಗಳಲ್ಲಿ ಕಲಿಯುತ್ತದೆ. ಅಲ್ಲಿಯವರೆಗೆ ಹಾಲನ್ನು ಕೈಯಿಂದ ಹಿಂಡಿ, ಮೂಗಿನಿಂದ ಹೊಟ್ಟೆಗಿಳಿಸಿದ ಸಣ್ಣ ನಳಿಗೆಯಲ್ಲಿ ಹನಿ ಹನಿಯಾಗಿ ಬಿಡಬೇಕು. "ತಾಯಿ ಹಾಲು ಬಿಟ್ಟು ಮತ್ತೇನೂ ಇಲ್ಲ. ಬ್ಯಾರೆ ಹಾಲಿಗೆ ಇದರ ಕರುಳು ತಡಿಯೂದಿಲ್ಲ, ಉಬ್ಬತಾವ. ತಿಳೀತಿಲ್ಲೊ?"

ಮಧ್ಯಾಹ್ನ ಅತ್ತೆ ಗುಲಾಬಬಿ ಬ್ಯಾಡಗಿಯಿಂದ ಬಸ್ಸು ಹಿಡಿದು ಬಂದಳು. ಕೈಚೀಲದಲ್ಲಿ ಬಾಣಂತಿಗೆ ಗೋಧಿ ಸಜ್ಜಕ, ಬಿಸಿನೀರಿಗೆ ಹಿತ್ತಾಳೆ ತಂಬಿಗೆ. ತಂಬಿಗೆ ತೆಗೆಯುವಾಗ ಚೀಲದ ತಳದಲ್ಲಿದ್ದ ಬಿಳಿ ಬಟ್ಟೆ ಅರ್ಧ ಹೊರಗೆ ಬಂತು. ಹೊಸ ಬಟ್ಟೆ, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಗುಲಾಬಬಿ ಅದನ್ನು ಲಗುಬಗೆಯಿಂದ ಒಳಗೆ ತುರುಕಿದಳು. ಆದರೆ ಸೊಸೆ ನೋಡಿಬಿಟ್ಟಿದ್ದಳು.

"ಅಮ್ಮಾ, ಏನದು?"

ಗುಲಾಬಬಿ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಮಣ್ಣಿಗಿಡೂವಾಗ ಸುತ್ತಾಕ ಕಫನ್ ತಂದೀರೇನು?"

"ಹೋದ ಸಲ ಹೊತ್ತಿಗೆ ಸರಿಯಾಗಿ ಒಂದು ಬಟ್ಟಿ ಸಿಗಲಿಲ್ಲ, ಬೇಟಿ," ಅಂದಳು ಮುದುಕಿ. "ನನ್ನ ಹಳೇ ಪತ್ತಲ ಹರದು ಸುತ್ತಿದ್ವಿ. ಅದು ನನ್ನ ಮನಸ್ಸಿನಾಗ ಕೊರೀತೈತಿ. ನಾ ಕೆಟ್ಟದ್ದು ಬಯಸಿ ತಂದಿಲ್ಲ, ಅಲ್ಲಾನ ಆಣಿ. ನಂದೂ ಹಿಂಗ ಒಂದು ಹೋಗೈತಿ. ಹಚ್ಚಿಗೊಂಡಷ್ಟೂ ಸಂಕಟ."

ಜೈತೂನಬಿ ಕೈ ಚಾಚಿದಳು. "ತರ್ರಿ ಇಲ್ಲೆ."

ಬಟ್ಟೆಯನ್ನು ತೆಗೆದುಕೊಂಡು, ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಸೀಳಿದಳು. ಗುಲಾಬಬಿ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಹಚ್ಚಿಕೊಂಡಳು. ಉದ್ದನೆಯ ಸೀಳಿನಿಂದ ಜೈತೂನಬಿ ಕೂಸನ್ನು ಎದೆಗೆ ಕಟ್ಟಿಕೊಂಡಳು. ಉಳಿದದ್ದನ್ನು ಅತ್ತೆಯ ಮುಂದೆ ಇಟ್ಟಳು.

"ಇದರಾಗ ಲಂಗೋಟಿ ಹರೀರಿ. ಒಂದು ತುಣಕಿನಾಗ ಕುಂಚಿಗಿ ಹೊಲೀರಿ, ತಲಿಗೆ ಥಂಡಿ ಹತ್ತಬಾರದು ಅಂದಾರ ಡಾಕ್ಟರು. ಮತ್ತ ಹೆಸರು ಕೇಳ್ಕೋರಿ. ಕುಲ್ಸುಮ. ನಮ್ಮವ್ವನ ಹೆಸರು. ಇದು ಉಳೀಲಿ, ಆಮ್ಯಾಲೆ ಇಡೂಣು ಅನಬ್ಯಾಡ್ರಿ. ಇಟ್ಟಾತು."

ಗುಲಾಬಬಿ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ನರ್ಸಿನ ಹತ್ತಿರ ಸೂಜಿ ದಾರ ಕೇಳಿದಳು.

ಮಾರನೆಯ ದಿನ ಹಾಲಿನ ತಕರಾರು. ಜೈತೂನಬಿ ಬೆರಳಿನಿಂದ ಒತ್ತಿ ಒತ್ತಿ ಹಿಂಡಿದರೆ ಬಟ್ಟಲ ತಳಕ್ಕೆ ಹತ್ತುವಷ್ಟು ಹಳದಿ ಹಾಲು ಬಂತು. ಮಗ್ಗುಲ ಮಂಚದ ಬಾಣಂತಿಯ ಕಡೆಯವರೆಲ್ಲ ಅದನ್ನು ಚೆಲ್ಲು ಅಂದರು, ಕೆಟ್ಟ ಹಾಲು, ಕೀವಿನಂಥದ್ದು, ಮೂರು ದಿನ ಸಕ್ಕರೆ ನೀರು ಹಾಕು ಅಂದರು. ಗುಲಾಬಬಿಯೂ ಹೂಂಗುಟ್ಟಿದಳು.

"ಎಮ್ಮಿ ಈದ್ರ ಗಿಣ್ಣಕ್ಕ ಓಣಿ ಮಂದಿ ಎಲ್ಲಾ ಚರಗಿ ಹಿಡಕೊಂಡು ಬರತೀರಿ," ಅಂದಳು ಜೈತೂನಬಿ. "ಬೆಲ್ಲ ಏಲಕ್ಕಿ ಹಾಕಿ ತಿಂತೀರಿ. ನನ್ನ ಗಿಣ್ಣ ಚೆಲ್ಲಬೇಕ? ಚೆಲ್ಲೂದಿಲ್ಲ."

ಆ ಹನಿ ಹಾಲನ್ನೇ ನರ್ಸು ನಳಿಗೆಯೊಳಗೆ ಬಿಟ್ಟಳು.

ಮೊದಲ ವಾರ ಕೂಸು ಬೆಳೆಯುವುದು ಬಿಟ್ಟು ಇಳಿಯಿತು. ಇದ್ದ ತೂಕವೂ ಕರಗಿದಾಗ ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಜಹಾಂಗೀರನ ಅಕ್ಕ ಮುಮ್ತಾಜಬಿ ಹಾವೇರಿಯಿಂದ ಬಂದು ನೋಡಿ, ಹೊರಗೆ ಹೋಗಿ ತಮ್ಮನ ಹೆಗಲ ಮೇಲೆ ಕೈಯಿಟ್ಟು ಅತ್ತು ಹೋದಳು. ಡಾಕ್ಟರು ಮಾತ್ರ, "ಮೈಯಾಗಿನ ನೀರು ಇಳದೈತಿ. ಎಲ್ಲಾ ಕೂಸೂ ಇಳೀತಾವ, ಇಂಥಾವು ಜಾಸ್ತಿ ಇಳೀತಾವ. ಏರತೈತೋ ಇಲ್ಲೋ ಮುಂದಿನ ವಾರ ನೋಡೂಣು," ಅಂದರು. ಮುಂದಿನ ವಾರ ಏರಿತು. ಒಂದು ಚಮಚೆ ಸಕ್ಕರೆಯಷ್ಟು, ಆಮೇಲೆ ಒಂದು ಹಿಡಿ ಅಕ್ಕಿಯಷ್ಟು.

ಹೆಂಡತಿ ಸ್ನಾನಕ್ಕೆ, ನಿದ್ದೆಗೆ ಹೋದಾಗ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಸರದಿ ಜಹಾಂಗೀರನದು. ಮೈಗೆ ಹತ್ತಿದ ಮೆಣಸಿನ ಖಾರ ಹೋಗಲೆಂದು ಅವನು ಎರಡು ಸಲ ಸಾಬೂನು ಹಚ್ಚಿ ತಿಕ್ಕಿಕೊಂಡು ಬರುತ್ತಿದ್ದ. ಕ್ವಿಂಟಲುಗಟ್ಟಲೆ ಹೊತ್ತ ಎದೆ, ಈ ಒಂದು ಹಿಡಿ ಜೀವವನ್ನು ಕಟ್ಟಿಕೊಂಡರೆ ಅಲುಗಾಡಲು ಹೆದರುತ್ತಿತ್ತು. ನೋಡಲು ಬಂದ ಪೇಟೆಯ ಗೆಳೆಯರು ನಕ್ಕರು. "ಏನಲೇ ಜಹಾಂಗೀರಾ, ಎದಿಹಾಲು ಬಂದಾವೇನು?"

"ಹಾಲು ಅಕಿ ಕೊಡತಾಳ, ಕಾವು ನಾ ಕೊಡತೇನಿ," ಅಂದ ಅವನು. "ನಗೂದಿದ್ರ ಹೊರಗ ನಿಂತು ನಗ್ರಿ. ಮಕ್ಕೊಂಡಾಳ."

ನಳಿಗೆ ತೆಗೆದು ಒಳಲೆಯಲ್ಲಿ, ಅಂದರೆ ಮೂತಿ ಚೂಪಾದ ಆ ಸಣ್ಣ ಬಟ್ಟಲಿನಲ್ಲಿ, ಹಾಲು ಕುಡಿಸುವಷ್ಟಾದ ಮೇಲೆ ಡಾಕ್ಟರು ಮನೆಗೆ ಕಳಿಸಿದರು. ಆದರೆ ಬ್ಯಾಡಗಿಗೆ ಬೇಡ ಅಂದರು. ಆ ಘಾಟು ಈ ಪುಪ್ಪುಸಕ್ಕೆ ತಡೆಯದು. ಹೀಗಾಗಿ ಜೈತೂನಬಿ ಹಾವೇರಿ ಹತ್ತಿರದ ತನ್ನ ತವರು ಅಗಡಿಗೆ ಬಂದಳು. ಅಲ್ಲಿ ತಾಯಿ ಇರಲಿಲ್ಲ. ತಂದೆ ಗೂಡುಸಾಬ ಒಬ್ಬನೇ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ. ಬಾಣಂತಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಗುಲಾಬಬಿ ತಾನೇ ಗಂಟು ಕಟ್ಟಿಕೊಂಡು ಜೊತೆಗೆ ಬಂದಳು. ಒಳಲೆಯನ್ನು ಪ್ರತಿ ಸಲ ಕುದಿಸುವುದು ಅವಳ ಕೆಲಸವಾಯಿತು. ಕೂಸನ್ನು ಮಾತ್ರ ಎತ್ತಿಕೊಳ್ಳುತ್ತಿರಲಿಲ್ಲ. ಹತ್ತಿರ ಕೂತು ನೋಡುತ್ತಿದ್ದಳು, ಅಷ್ಟೆ.

ಅಂಗಡಿಯ ಹಿಂದೆಯೇ ಮನೆ. ಬೆಲ್ಲ, ಚಹಾಪುಡಿಗೆ ಬಂದವರೆಲ್ಲ ಇಣುಕುತ್ತಿದ್ದರು. ಹೊಲದ ದಾರಿಯಲ್ಲಿ ದಿನಾ ಬಂದು ಕಟ್ಟೆಗೆ ಕೂರುವ ಕೊಟ್ರಪ್ಪ ಗೌಡ, "ಗೂಡುಸಾಬಾ, ನಿನ್ನ ಮಮ್ಮಗಳು ಇಲಿಮರಿ ಇದ್ದಂಗ ಐತೆಂತಲ್ಲೊ," ಎಂದು ಕೇಳಿದ. ಗೂಡುಸಾಬ ತಲೆ ತಗ್ಗಿಸಿ ಪುಡಿಕೆ ಕಟ್ಟಿದ. ಒಳಗಿನಿಂದ ಜೈತೂನಬಿಯ ಧ್ವನಿ ಬಂತು. "ಗೌಡ್ರ, ಇಲಿಮರಿ ಅನ್ನೂದಿದ್ರ ಅನ್ರಿ, ಆದರ ನಿಮ್ಮ ಕಣಜ ಜ್ವಾಕಿ ಇರಲಿ."

ಹೀಗೆ ಚೆನ್ನಾಗಿ ನಡೆಯುತ್ತಿದ್ದಾಗ ಅವಳಿಗೆ ಜ್ವರ ಬಂತು. ಒಂದು ಕಡೆಯ ಎದೆ ಕಲ್ಲಾಗಿ ಕೆಂಪೇರಿತ್ತು. ಒಂದು ದಿನ ಹಲ್ಲು ಕಚ್ಚಿ ತಡೆದಳು. ಎರಡನೆಯ ದಿನ ಬೆಳಿಗ್ಗೆ ಎದ್ದು ನಿಲ್ಲಲಾರದೆ ಕುಸಿದಳು. ರವಿವಾರವೆಂದು ಬಂದಿದ್ದ ಜಹಾಂಗೀರ ಅವಳನ್ನು ರಾಣೆಬೆನ್ನೂರಿಗೆ ಕರೆದೊಯ್ದ. ಆ ಚಳಿಗಾಳಿಯಲ್ಲಿ, ಬಸ್ಸಿನ ಗದ್ದಲದಲ್ಲಿ ಕೂಸನ್ನು ಒಯ್ಯುವುದು ಸಾಧ್ಯವಿರಲಿಲ್ಲ. ಜೈತೂನಬಿ ಇನ್ನೊಂದು ಎದೆಯ ಹಾಲನ್ನು ಹಿಂಡಿಟ್ಟು, ಕೂಸನ್ನು ಬಿಚ್ಚಿ ಅತ್ತೆಯ ಎದೆಗೆ ತಾನೇ ಕಟ್ಟಿದಳು.

"ಅಮ್ಮಾ, ನಿಮ್ಮ ಕೈಯಾಗ ಕೊಟ್ಟೇನಿ."

ಗುಲಾಬಬಿ ಕೂಸನ್ನು ಮುಟ್ಟಿದ್ದು ಆಗಲೇ. ಸಣ್ಣ ಹೃದಯ ತನ್ನ ಒಣ ಎದೆಯ ಮೇಲೆ ಗುಬ್ಬಿಯ ಹಾಗೆ ಬಡಿದುಕೊಳ್ಳುವುದು ಗೊತ್ತಾಗುತ್ತಿತ್ತು. ಅವಳು ಗೋಡೆಗೆ ಒರಗಿ ಕುಳಿತವಳು ಏಳಲೇ ಇಲ್ಲ.

ಮಧ್ಯಾಹ್ನಕ್ಕೆ ಹಿಂಡಿಟ್ಟ ಹಾಲು ಮುಗಿಯಿತು. ಜೈತೂನಬಿಯ ಎದೆಯ ಕೀವು ಕೊಯ್ದು ತೆಗೆದಿದ್ದಾರೆ, ಇವತ್ತು ಬಿಡುವುದಿಲ್ಲ ಎಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ್ದರು. ಅದೇ ಹೊತ್ತಿಗೆ ಹಾವೇರಿಯಿಂದ ಮುಮ್ತಾಜಬಿ ಬಂದಳು. ಅವಳ ಚೀಲದಲ್ಲಿ ಹಾಲಿನಪುಡಿಯ ಡಬ್ಬಿ, ರಬ್ಬರ್ ಮೊಲೆಯ ಬಾಟಲಿ.

"ಅಲ್ಲಮ್ಮಾ, ಕೂಸು ಬಾಯಿ ಬಿಡಾಕತ್ತೈತಿ. ಕಲಿಸಿ ಕೊಡತೇನಿ ತಡಿ. ಡಬ್ಬಿ ಮ್ಯಾಲಿನ ಕೂಸು ನೋಡು, ಹೆಂಗ ಗುಂಡ ಗುಂಡ ಐತಿ."

"ಡಬ್ಬಿ ಮ್ಯಾಲಿನ ಕೂಸು ಏಳರಾಗ ಹುಟ್ಟಿಲ್ಲ," ಅಂದಳು ಗುಲಾಬಬಿ. "ಬ್ಯಾರೆ ಹಾಲಿಗೆ ಇಕಿ ಕರುಳು ಉಬ್ಬತಾವ ಅಂತ ಡಾಕ್ಟರು ಅಂದಾರ, ಜೈತೂನ ನನಗ ನೂರು ಸಲ ಹೇಳ್ಯಾಳ."

"ಡಾಕ್ಟರು ಅಲ್ಲೆ ರಾಣೆಬೆನ್ನೂರಾಗ ಅದಾರ. ಇಲ್ಲೆ ಕೂಸು ಹಸದು ಸಾಯಾಕತ್ತೈತಿ. ಅಷ್ಟಕ್ಕೂ ಕಫನ್ ತಂದಾಕಿ ನೀನ, ಈಗ ನನಗ ಬುದ್ಧಿ ಹೇಳ್ತಿ?"

"ಹೌದು, ತಂದಾಕಿ ನಾನ," ಅಂದಳು ಗುಲಾಬಬಿ. "ಅದಕ್ಕ ಹೇಳಾಕತ್ತೇನಿ. ಡಬ್ಬಿ ಒಳಗಿಡು."

ಮಗಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದಂತೆಯೇ ಮುದುಕಿ ಎದ್ದಳು. ಕೂಸಿನ ಮೇಲೆ ಶಾಲು ಹೊದ್ದು, ಒಳಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೂರು ಮನೆ ದಾಟಿ ನೀಲಗಂಗವ್ವನ ಮನೆಯ ಹೊಸ್ತಿಲ ಮುಂದೆ ನಿಂತಳು. ನೀಲಗಂಗವ್ವ ಜೈತೂನಬಿಯ ಜೊತೆ ಸಾಲೆಗೆ ಹೋದವಳು. ಅವಳ ಮಗ ಇನ್ನೂ ಮೊಲೆ ಕುಡಿಯುತ್ತಿದ್ದ. ಗುಲಾಬಬಿಗೆ ಅವಳ ಪರಿಚಯ ಅಷ್ಟಕ್ಕಷ್ಟೆ.

"ತಂಗಿ, ನಾ ಭಿಕ್ಷಾ ಬೇಡಾಕ ಬಂದೇನಿ," ಅಂದಳು. "ಒಂದು ಒಳಲಿ ಹಾಲು."

ಒಳಗಿನಿಂದ ನೀಲಗಂಗವ್ವನ ಅತ್ತೆ ಬಸವಣ್ಣೆವ್ವ ಬಂದಳು. "ಎದಿಹಾಲು ಹೊರಗ ಕೊಟ್ರ ಬತ್ತತಾವ. ಅದೂ ಇವತ್ತೊ ನಾಳೆಯೊ ಅನ್ನೂ ಕೂಸಿಗೆ. ಮತ್ತ ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಊರಾಗ ಏನಂದಾರು?"

ನೀಲಗಂಗವ್ವ ಆಗಲೇ ಕೈ ತೊಳೆಯುತ್ತಿದ್ದಳು. "ಅತ್ತಿ, ನನ್ನ ಮಗ ಕುಡದು ಬಿಟ್ಟದ್ದು ದಿನಾ ಕುಪ್ಪಸ ತೊಯ್ಯತೈತಿ. ಕುಪ್ಪಸಕ್ಕ ಹೋಗೂದು ಕೂಸಿನ ಹೊಟ್ಟಿಗೆ ಹೋಗಲಿ. ಊರವರು ಅಂದ್ರ, ಬಂದು ನನ್ನ ಕುಪ್ಪಸ ಒಗದು ಕೊಡಲಿ."

ಬಸವಣ್ಣೆವ್ವ ಒದರುತ್ತಲೇ ಇದ್ದಳು. ನೀಲಗಂಗವ್ವ ಬೆನ್ನು ತಿರುಗಿಸಿ ಕುಳಿತು ಹಿಂಡಿದಳು. ಗುಲಾಬಬಿ ಒಳಲೆಯ ಮೂತಿಯನ್ನು ಕೂಸಿನ ತುಟಿಯ ಮೂಲೆಗೆ ಹಚ್ಚಿ, ಹನಿ ನುಂಗಿತೋ ಎಂದು ಗಂಟಲನ್ನೇ ನೋಡುತ್ತ, ಮತ್ತೊಂದು ಹನಿ ಬಿಟ್ಟಳು. ಅವಸರ ಮಾಡಲಿಲ್ಲ. ಮುಗಿದ ಮೇಲೆ ನೀಲಗಂಗವ್ವನ ಮಗನ ಕೆನ್ನೆ ಮುಟ್ಟಿ ಹೇಳಿದಳು: "ನಮ್ಮಲ್ಲಿ ಒಂದ ಎದಿ ಹಾಲು ಕುಡದ್ರ ಅಣ್ಣ ತಂಗಿ. ಇವಾ ಇಕಿ ಅಣ್ಣ ಆದ, ನೆನಪಿಡು."

ಜೈತೂನಬಿ ಬರುವವರೆಗೂ ಅದೇ ದಾರಿ, ಅದೇ ಹೊಸ್ತಿಲು. ಬಸವಣ್ಣೆವ್ವ ಪ್ರತಿ ಸಲ ಒದರಿದಳು. ಕೊನೆಗೆ, ಒದರುತ್ತಲೇ, ಒಳಲೆಗೆ ಬಿಸಿನೀರು ತಂದುಕೊಟ್ಟಳು. ಜೈತೂನಬಿ ಎದೆಗೆ ಪಟ್ಟಿ ಕಟ್ಟಿಕೊಂಡು ಬಂದು ಇಳಿದಾಗ, ಕೂಸು ಅತ್ತೆಯ ಎದೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಅವಳು ಕೈ ಚಾಚಿದರೂ ಗುಲಾಬಬಿ ತಟ್ಟನೆ ಕೊಡಲಿಲ್ಲ.

ಆದರೆ ಮುಮ್ತಾಜಬಿ ಸಿಟ್ಟಿನಿಂದ ಹಾವೇರಿಗೆ ಹೋಗಿ ಸುಮ್ಮನಿರಲಿಲ್ಲ. ಕೂಸಿಗೆ ಹಸಿವಿನಿಂದ ಕೊನೆಗಾಲ ಬಂದಿದೆ, ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಾರೆ ಎಂದು ನೆಂಟರಿಗೆಲ್ಲ ಹೇಳಿದಳು. ಆ ಮಾತು ತಿರುಗಿ ಅಗಡಿಗೂ ಬಂತು. ಒಂದು ದಿನ ಕಟ್ಟೆಯ ಮೇಲೆ ಕೊಟ್ರಪ್ಪ, ನಾಲ್ಕು ಜನರ ಮುಂದೆ, "ಖರೇ ಹೇಳು ಗೂಡುಸಾಬಾ, ಕೂಸು ಐತೊ ಇಲ್ಲೊ?" ಅಂದ.

ಜೈತೂನಬಿ ಕೂಸನ್ನು ಎತ್ತಿಕೊಂಡು ಅಂಗಡಿಯ ಮುಂಭಾಗಕ್ಕೇ ಬಂದಳು. ಹೊರಗೆ ಬಿಸಿಲಿತ್ತು.

"ಅಬ್ಬಾ, ತಕ್ಕಡಿ ಒರಸ್ರಿ," ಅಂದಳು ತಂದೆಗೆ.

ಗೂಡುಸಾಬನ ಕೈ ನಿಂತಿತು. ಜೀವಂತ ಕೂಸನ್ನು ತಕ್ಕಡಿಯಲ್ಲಿ ತೂಗಿದರೆ ಬೆಳವಣಿಗೆ ನಿಲ್ಲುತ್ತದೆ, ದೃಷ್ಟಿ ತಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅವನು ಗುಲಾಬಬಿಯ ಕಡೆ ನೋಡಿದ. ಅವಳೇನಾದರೂ ತಡೆದಾಳು ಎಂಬ ಆಸೆ. ಗುಲಾಬಬಿ ಮುಂದೆ ಬಂದು ತಕ್ಕಡಿಯ ಪರಡಿಗೆ ತನ್ನ ಶಾಲನ್ನೇ ಮಡಚಿ ಹಾಸಿದಳು. ಶಾಲಿನ ತೂಕಕ್ಕೆ ಸರಿಯಾಗಿ ಆಚೆಯ ಪರಡಿಗೆ ಒಂದು ಪುಡಿಕೆ ಅವಲಕ್ಕಿ ಇಟ್ಟಳು.

"ಎರಡು ಕಿಲೋದ ಕಲ್ಲ ಇಡ್ರಿ," ಅಂದಳು ಜೈತೂನಬಿ.

"ಎರಡ? ಬ್ಯಾಡವ್ವ, ಒಂದೂವರಿ ಇಡೂಣು," ಅಂದ ತಂದೆ ಮೆಲ್ಲಗೆ.

"ಎರಡ ಇಡ್ರಿ."

ಕಲ್ಲು ಇಟ್ಟ. ಜೈತೂನಬಿ ಕುಲ್ಸುಮಳನ್ನು ಶಾಲಿನ ಮೇಲೆ ಮಲಗಿಸಿ ಕೈ ಬಿಟ್ಟಳು. ಕಲ್ಲಿನ ಪರಡಿ ಒಂದು ಕ್ಷಣ ಕೆಳಗಿತ್ತು. ಆಮೇಲೆ ತೂಗಾಡಿತು. ಆಮೇಲೆ ಮೆಲ್ಲಗೆ ಮೇಲೆದ್ದಿತು. ಕೂಸು ಕಾಲು ಝಾಡಿಸಿ, ಇಡೀ ಓಣಿಗೆ ಕೇಳುವ ಹಾಗೆ ಅತ್ತಿತು. ಹುಟ್ಟಿದಾಗ ಬರದಿದ್ದ ಅಳು.

"ನೋಡ್ರಿ ಗೌಡ್ರ," ಅಂದಳು ಜೈತೂನಬಿ. "ಐತಿ."

ಕೊಟ್ರಪ್ಪ ಗಡ್ಡ ತುರಿಸಿಕೊಂಡ. "ನಿಮ್ಮಪ್ಪ ಈ ತಕ್ಕಡ್ಯಾಗ ನನಗ ಯಾವತ್ತೂ ಇಷ್ಟು ತೂಗಿ ಕೊಟ್ಟಿಲ್ಲವ್ವ," ಅಂದ. ಎಲ್ಲರೂ ನಕ್ಕರು. ಗೂಡುಸಾಬ ಮಾತ್ರ ಅತ್ತ ತಿರುಗಿ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಮಳೆಗಾಲ ಹತ್ತಿರವಾದಾಗ ಬ್ಯಾಡಗಿಗೆ ಹಿಂತಿರುಗುವ ಮಾತು ಬಂತು. ಜೈತೂನಬಿ ಒಪ್ಪಲಿಲ್ಲ. ಮತ್ತೆ ಸುಗ್ಗಿ ಬರುತ್ತದೆ, ಮತ್ತೆ ಘಾಟು. "ಆ ಓಣ್ಯಾಗ ನನ್ನ ಮಗಳು ಕೆಮ್ಮಿ ಬೆಳಿಯೂದು ಬ್ಯಾಡ," ಅಂದಳು. ಜಹಾಂಗೀರ ಹುಟ್ಟಿ ಬೆಳೆದ ಪೇಟೆ ಅದು. ಅವನಿಗೆ ಕಷ್ಟವಾಯಿತು, ನಾಲ್ಕು ದಿನ ಮಾತು ಬಿಟ್ಟ. ಆಮೇಲೆ ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮೊಂದರಲ್ಲಿ ಹಮಾಲಿ ಹಿಡಿದು, ಒಂದು ಕೋಣೆಯ ಮನೆ ನೋಡಿ ಬಂದ. ಗುಲಾಬಬಿ ತನ್ನ ಹಳೆಯ ಮನೆಗೆ ಕೀಲಿ ಹಾಕಿ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ. ಕರೆಯಬೇಕಾದ ಅಗತ್ಯವೂ ಇರಲಿಲ್ಲ.

ಮರುವರ್ಷದ ರಂಜಾನ್ ಹಬ್ಬಕ್ಕೆ ಮುಮ್ತಾಜಬಿ ಬಂದಳು. ಆ ಮುನಿಸು ಅಷ್ಟರಲ್ಲಿ ಕರಗಿತ್ತು. ಅವಳ ಮೊಮ್ಮಗ ಕುಲ್ಸುಮ ಹುಟ್ಟಿದ ವಾರವೇ ಹುಟ್ಟಿದವನು, ಕೋಣೆಯ ತುಂಬ ದುಡುದುಡು ಓಡಾಡುತ್ತಿದ್ದ. ಕುಲ್ಸುಮ ಗೋಡೆ ಹಿಡಿದು ನಿಲ್ಲುತ್ತಿದ್ದಳು, ನಡೆಯುತ್ತಿರಲಿಲ್ಲ. ತೆಳ್ಳನೆಯ ಕಾಲು, ದೊಡ್ಡ ಕಣ್ಣು.

"ವರ್ಷದ ಮ್ಯಾಲಾತು. ಇನ್ನೂ ಹೆಜ್ಜಿ ಇಲ್ಲ," ಅಂದಳು ಮುಮ್ತಾಜಬಿ. ಈ ಸಲ ಅವಳ ಮಾತಿನಲ್ಲಿ ಕುಹಕ ಇರಲಿಲ್ಲ, ಕಳವಳವಿತ್ತು. "ಹಾಲು ಸಾಕಾಗಲಿಲ್ಲೇನೊ."

"ಆಪಾ, ಇಕಿ ವಯಸ್ಸು ಸಂಕ್ರಾಂತಿಯಿಂದ ಎಣಸಬ್ಯಾಡ್ರಿ," ಅಂದಳು ಜೈತೂನಬಿ, ಒಲೆಯ ಮುಂದಿನಿಂದಲೇ. "ಹೋದ ವರ್ಷ ಯುಗಾದಿ ಹೊತ್ತಿಗೆ ಹುಟ್ಟಬೇಕಾಗಿತ್ತು. ಯುಗಾದಿಯಿಂದ ಎಣಸ್ರಿ ಅಂದಾರ ಡಾಕ್ಟರು. ಹಂಗ ಎಣಿಸಿದ್ರ ಇಕಿ ತಡ ಮಾಡಿಲ್ಲ. ಮಾಡಿದ್ರೂ ಇಕಿ ಮರ್ಜಿ. ಬರೂದು ಅವಸರ ಮಾಡಿ ಬಂದಾಳ, ನಡಿಯೂದು ಸಾವಕಾಶ ನಡೀತಾಳ."

ಗುಲಾಬಬಿ ಬಟ್ಟಲಲ್ಲಿ ಶಾವಿಗೆ ಪಾಯಸ ಆರಿಸಿ, ಮೊಮ್ಮಗಳ ಬಾಯಿಗೆ ಚಮಚೆಯಿಂದ ಇಡುತ್ತಿದ್ದಳು. ಅರ್ಧ ಗದ್ದಕ್ಕೆ ಇಳಿಯಿತು, ಅರ್ಧ ಒಳಗೆ ಹೋಯಿತು. ಮುಮ್ತಾಜಬಿ ತನ್ನ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಳು. ಕುಲ್ಸುಮ ಅತ್ತ ನೋಡಿದಳು. ಗೋಡೆ ಬಿಟ್ಟು, ಕೂತು, ಅಂಬೆಗಾಲಿಟ್ಟು ಸರಸರನೆ ಹೋಗಿ, ಮುಮ್ತಾಜಬಿಯ ತಟ್ಟೆಯೊಳಗೆ ಐದೂ ಬೆರಳು ಅದ್ದಿದಳು.

"ಏ ಏ, ಬಿಸಿ ಐತಿ!" ಎಂದು ಮುಮ್ತಾಜಬಿ ಅವಳ ಕೈ ಹಿಡಿದಳು.

ಕುಲ್ಸುಮ ಕೈ ಕಿತ್ತುಕೊಂಡು, ಬೆರಳು ನೆಕ್ಕಿ, ಅವಳ ಮುಖವನ್ನೇ ದಿಟ್ಟಿಸಿ ನೋಡಿ, ತನಗೆ ಬರುತ್ತಿದ್ದ ಒಂದೇ ಮಾತು ಹೇಳಿದಳು.

"ಇನ್ನಾ."